ಇಲ್ಲದವಳಿಗೆ ಹಾಸಿದ ಹಾಸಿಗೆ

ಎಲಿಮ್ ಗ್ರೋವ್ ಎಂಬ ಸಣ್ಣ ಊರಿನಲ್ಲಿ ಟ್ರ್ಯಾಕ್ಟರಿನ ಬಿಡಿಭಾಗ ಮಾರುವ ಅಂಗಡಿಯೊಂದಿದೆ. ಅದರ ಕೌಂಟರಿನ ಹಿಂದೆ ಸಂಬಳಕ್ಕೆ ನಿಲ್ಲುವ ಟೋಬಿನ್ ಹಕಬಿ, ಬೆಲ್ಟು ಫಿಲ್ಟರುಗಳ ನಡುವೆ ಬಿಡುವು ಸಿಕ್ಕಾಗಲೆಲ್ಲ, ಒಂದು ಪ್ರೇಮಕಾದಂಬರಿ ಬರೆಯುತ್ತಿದ್ದ. ಗೊತ್ತಾದರೆ ಊರು ನಕ್ಕೀತು ಎಂಬ ಅಂಜಿಕೆ ಅವನಿಗಿರಲಿಲ್ಲ. ನಗುವ ಕೆಲಸವನ್ನು ಎಲ್ಲರಿಗಿಂತ ಮೊದಲು ಅವನೇ ಮಾಡಿ ಮುಗಿಸಿದ್ದ. ಆದರೂ ಯಾರಿಗೂ ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ ಯಾರೂ ಕೇಳಿರಲಿಲ್ಲ.

ಅವನ ತಾಯಿ ಅಂಥ ಪುಸ್ತಕಗಳನ್ನು ಓದುತ್ತಿದ್ದಳು. ಅವುಗಳಲ್ಲಿ ಒಬ್ಬಳು ಒಳ್ಳೆಯ ಹೆಣ್ಣುಮಗಳಿರುತ್ತಾಳೆ, ಅವಳ ಬೆನ್ನುಹತ್ತಿದ ಯಾರೋ ಒಬ್ಬನಿರುತ್ತಾನೆ, ಅವಳನ್ನು ಕಾಯಲು ಅಗಲ ಭುಜದ ಇನ್ನೊಬ್ಬ ಬರುತ್ತಾನೆ. ಮೊದಲ ಅಧ್ಯಾಯದಲ್ಲಿ ಅವಳು ದೇವರ ಮೇಲೆ ಮುನಿಸಿಕೊಂಡಿರುತ್ತಾಳೆ, ಕೊನೆಯದರಲ್ಲಿ ರಾಜಿಯಾಗುತ್ತಾಳೆ. ಕೊಲೆ ಎಷ್ಟು ಬೇಕಾದರೂ ಆಗಬಹುದು. ಮುತ್ತು ಮಾತ್ರ ಒಂದೇ, ಅದೂ ಪುಸ್ತಕ ಮುಚ್ಚುವ ಹೊತ್ತಿಗೆ. ತಾಯಿ ತೀರಿಕೊಂಡ ಮೇಲೆ ಬಾಡಿಗೆ ಮನೆಯಲ್ಲಿ ಉಳಿದದ್ದು ಅವನು ಮತ್ತು ಈ ಪುಸ್ತಕಗಳ ಪೆಟ್ಟಿಗೆಗಳು. ಒಂದೊಂದಾಗಿ ಎಲ್ಲವನ್ನೂ ಓದಿದ. ಓದಲು ಇನ್ನೊಂದು ಉಳಿಯದೆ ಹೋದಾಗ ತಾನೇ ಒಂದನ್ನು ಶುರುಮಾಡಿದ.

ಇಂಥ ಕಾದಂಬರಿಗೆ ದೇವರ ಮೇಲಿನ ವಿಶ್ವಾಸ, ಪ್ರೇಮ, ರಹಸ್ಯ ಎಂದರೆ ಮೂರು ಕಲ್ಲಿನ ಒಲೆ. ಒಂದು ಕಲ್ಲು ಗಿಡ್ಡವಾದರೂ ಪಾತ್ರೆ ವಾಲುತ್ತದೆ. ಟೋಬಿನ್ನನ ಬಳಿ ಮೂರೂ ಗಿಡ್ಡ. ಪ್ರೇಮದಲ್ಲಿ ಅವನ ಅನುಭವವೆಂದರೆ ಸ್ಕೂಲಿನ ಕುಣಿತದಲ್ಲಿ ಒಬ್ಬ ಹುಡುಗಿಯ ಕೈ ಹಿಡಿದದ್ದು, ಅದೂ ಮೇಷ್ಟರ ಬಲವಂತಕ್ಕೆ. ರಹಸ್ಯದಲ್ಲಿ, ಅಂಗಡಿಯ ಫ್ರಿಜ್ಜಿನಿಂದ ತನ್ನ ಮಧ್ಯಾಹ್ನದ ಬುತ್ತಿ ಯಾರು ತಿನ್ನುತ್ತಾರೆಂಬುದನ್ನೇ ಅವನಿಗೆ ಈವರೆಗೆ ಪತ್ತೆಹಚ್ಚಲು ಆಗಿರಲಿಲ್ಲ. ಇನ್ನು ವಿಶ್ವಾಸ. ತಾಯಿಯ ಮಣ್ಣಾದ ಮೇಲೆ ಅವನು ಚರ್ಚಿನಲ್ಲಿ ಎಲ್ಲರ ಜೊತೆ ಎದ್ದು ನಿಂತು ಬಾಯಿ ಆಡಿಸುತ್ತಿದ್ದ, ಅಷ್ಟೇ. ಹಾಡು ಹೊರಗೆ ಬರುತ್ತಿರಲಿಲ್ಲ.

ಆ ವಸಂತದಲ್ಲಿ ಪಕ್ಕದ ರಾಜ್ಯದ ಒಂದು ಕ್ರೈಸ್ತ ಕಾಲೇಜಿನಲ್ಲಿ ಇಂಥ ಕಾದಂಬರಿ ಬರೆಯುವವರ ಕೂಟ ನಡೆಯಿತು. ರಜೆ ಹಾಕಿ ಹೋದ. ಕೊರಳಿಗೆ ಹೆಸರಿನ ಚೀಟಿ ತೂಗಿಹಾಕಿಕೊಂಡ ನೂರಾರು ಹೆಂಗಸರ ನಡುವೆ ಅವನೊಬ್ಬ ಗಂಡಸು. ಇಬ್ಬರು ಅವನನ್ನು ಕರೆದು ಮೈಕು ಕೆಟ್ಟಿದೆ, ಸರಿಮಾಡಪ್ಪ ಎಂದರು. ಅವನು ಸರಿಮಾಡಿಯೂ ಕೊಟ್ಟ. ಆಮೇಲೆ ಅವನ ಸರದಿ ಬಂದಾಗ ಬಿಳಿಕೂದಲಿನ ಸಂಪಾದಕಿಯೊಬ್ಬಳು ಅವನ ಹಾಳೆಗಳನ್ನು ಮುಂದಿಟ್ಟುಕೊಂಡು ಕೂತಳು.

"ನಿಮ್ಮ ನಾಯಕಿ ಮಾರ್ಲಿಸ್ ಯಾವಾಗ ಪ್ರಾರ್ಥನೆ ಮಾಡ್ತಾಳೆ?"

"ಹೆದರಿಕೆ ಆದಾಗ, ಮೇಡಂ."

"ಪ್ರೀತಿ ಯಾವಾಗ ಬರುತ್ತೆ?"

"ಮಳೆ ಬಂದಾಗ."

"ಅವಳ ಹಿಂದೆ ಬಿದ್ದಿರೋ ಆ ಕರೀ ಟ್ರಕ್ಕಿನವನು?"

"ಓದೋರಿಗೆ ಬೇಸರ ಬಂದಾಗ."

ಅವಳು ನಕ್ಕುಬಿಟ್ಟಳು. "ಮೂರೂ ಸರತಿ ಮೇಲೆ ಬಂದುಹೋಗ್ತಿವೆ ನೋಡಿ, ಒಂದೇ ಬಚ್ಚಲು ಇರೋ ಮನೇಲಿ ನೆಂಟರು ಬಂದ ಹಾಗೆ. ಅದು ಹಾಗಲ್ಲಪ್ಪ. ದೇವರನ್ನ ನಂಬಲಾ, ಈ ಗಂಡಸನ್ನ ನಂಬಲಾ, ಬಾಗಿಲು ತಟ್ಟಿದವನನ್ನ ನಂಬಲಾ? ಮೂರೂ ಬೇರೆ ಬೇರೆ ಪ್ರಶ್ನೆ ಅಲ್ಲ. ಒಂದೇ ಪ್ರಶ್ನೆ. ಅವಳು ಒಂದು ಕಡೆ ನಂಬಿದರೆ ಮಿಕ್ಕಿದ ಎರಡೂ ಕಡೆ ಅಲ್ಲಾಡಬೇಕು." ಹಾಳೆಗಳನ್ನು ಹಿಂದಕ್ಕೆ ಕೊಡುವಾಗ ಇನ್ನೊಂದು ಮಾತು ಸೇರಿಸಿದಳು: "ಮೊದಲು ನೀವು ನಂಬಿ ಅವಳನ್ನ. ಈ ಹುಡುಗಿ ಇದ್ದಾಳೆ ಅಂತ ನಿಮಗೇ ಅನ್ನಿಸಿಲ್ಲ."

ಟೋಬಿನ್ ಹೇಳಿದ್ದನ್ನು ಮಾಡುವ ಆಳು. ದಾರಿಯುದ್ದಕ್ಕೂ ಮಾರ್ಲಿಸ್ ಇದ್ದಾಳೆ ಎಂದು ನಂಬುತ್ತಲೇ ಗಾಡಿ ಓಡಿಸಿದ. ಬೆಳಗಿನ ಕಾಫಿಗೆ ಅವಳನ್ನು ಎದುರಿಗೆ ಕೂರಿಸಿಕೊಂಡ. ನಂಬುವುದಕ್ಕೆ ಅವನಿಗೆ ಬೇರೆ ಯಾರೂ ಇಲ್ಲದ್ದರಿಂದ ಕೆಲಸ ಬೇಗ ಕೈಗೂಡಿತು.

ಬುಧವಾರ ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಬೀನ್ಸು, ಮೆಕ್ಕೆಜೋಳದ ರೊಟ್ಟಿಯ ಊಟ. ಊಟವಾದ ಮೇಲೆ ಮಡಚುವ ಕುರ್ಚಿಗಳನ್ನು ದುಂಡಗೆ ಹಾಕಿ, ಕೈಕೈ ಹಿಡಿದು ಪ್ರಾರ್ಥನೆ. ಒಬ್ಬೊಬ್ಬರೂ ತಮ್ಮ ಕೋರಿಕೆ ಹೇಳಬೇಕು. ಮಂಡಿ ನೋವು, ಮೊಮ್ಮಗನ ಪರೀಕ್ಷೆ, ಇನ್ನೊಬ್ಬರ ಮನೆಯ ಜಗಳ, ಎಲ್ಲವೂ ದೇವರ ಹೆಸರಿನಲ್ಲಿ ಹೊರಬೀಳುತ್ತದೆ. ಮಾನ ಹೋಗುವಂಥದ್ದಿದ್ದರೆ "ನಂದು ಬಾಯಿಬಿಡದ್ದು" ಎಂದು ಕೈಯೆತ್ತಿದರೆ ಸಾಕು, ಯಾರೂ ಕೆದಕುವುದಿಲ್ಲ. ದೇವರಿಗೆ ಗೊತ್ತಿರುತ್ತದೆ, ಉಳಿದವರು ಊಹಿಸುತ್ತಾರೆ. ಟೋಬಿನ್ ಪ್ರತಿ ವಾರವೂ ಬಾಯಿಬಿಡದ್ದಕ್ಕೇ ಕೈಯೆತ್ತುತ್ತಿದ್ದ. ಅವನಲ್ಲಿ ಬಚ್ಚಿಡುವಂಥದ್ದೇನೂ ಇರಲಿಲ್ಲ. ಒಬ್ಬನೇ ಇದ್ದೇನೆ ಎಂಬುದು ಒಂದು ಕಾಯಿಲೆಯೆಂದು ಅವನಿಗನ್ನಿಸಿರಲಿಲ್ಲ, ಅಷ್ಟೇ. ಅವನ ಪಕ್ಕದಲ್ಲಿ ಕೂರುತ್ತಿದ್ದ ವಿಧವೆ ಓಲೀಟಮ್ಮನೂ ಬಾಯಿಬಿಡದ್ದಕ್ಕೇ ಕೈಯೆತ್ತುತ್ತಿದ್ದಳು.

ಆ ಬುಧವಾರ ಅವನ ಸರದಿ ಬಂದಾಗ ತಲೆಯ ತುಂಬ ಮಾರ್ಲಿಸ್ ಇದ್ದಳು.

"ಮಾರ್ಲಿಸ್ ಅಂತ ಒಬ್ಬಳಿದಾಳೆ," ಎಂದುಬಿಟ್ಟ. "ಒಂಟಿ. ಯಾರೋ ಅವಳ ಹಿಂದೆ ಬಿದ್ದಿದಾರೆ. ಯಾರನ್ನ ನಂಬಬೇಕು ಅಂತ ಗೊತ್ತಾಗ್ತಿಲ್ಲ ಅವಳಿಗೆ. ಪ್ರಾರ್ಥನೆ ಮಾಡೋದೂ ಬಿಟ್ಟಿದಾಳೆ."

'ನಾನು ಬರೀತಿರೋ ಕಥೇಲಿ' ಎಂಬುದು ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಓಲೀಟಮ್ಮ "ಕರ್ತನೇ!" ಎಂದು ಕೂಗಿ, ಅವನ ಕೈಯನ್ನು ಬಿಗಿಹಿಡಿದು, ಪ್ರಾರ್ಥನೆ ಶುರುಮಾಡಿಯೇ ಬಿಟ್ಟಳು. ಪ್ರಾರ್ಥನೆಯ ನಡುವೆ ಬಾಯಿಹಾಕುವ ಪದ್ಧತಿ ಆ ಸಭೆಯಲ್ಲಿಲ್ಲ. ಬೆಂಕಿ ಬಿದ್ದರೂ ಆಮೆನ್ ಬರುವ ತನಕ ಕಾಯಬೇಕು. ಟೋಬಿನ್ ಕಾದ. ಆಮೆನ್ ಬಂದಾಗ ಓಲೀಟಮ್ಮನ ಕಣ್ಣಲ್ಲಿ ನೀರಿತ್ತು.

"ಇದನ್ನೆಲ್ಲ ಒಬ್ಬನೇ ಹೊತ್ಕೊಂಡು ತಿರುಗ್ತಿದ್ದೆಯಲ್ಲೋ ಮಗಾ," ಎಂದು ಅವನ ಕೆನ್ನೆ ಮುಟ್ಟಿದಳು. "ಇಷ್ಟು ವಾರದಿಂದ ಬಾಯಿಬಿಡದ್ದು ಅಂತಿದ್ದದ್ದು ಇದೇನಾ?"

ಅವನ ಕೆನ್ನೆಯನ್ನು ಯಾರಾದರೂ ಮುಟ್ಟಿ ಬಹಳ ಕಾಲವಾಗಿತ್ತು. ಅವನು ತಲೆಯಾಡಿಸಿದ. ಹೌದು ಎಂದೂ ತಿಳಿಯಬಹುದಾಗಿತ್ತು, ಅಲ್ಲ ಎಂದೂ ತಿಳಿಯಬಹುದಾಗಿತ್ತು. ಅವಳು ಹೌದೆಂದು ತಿಳಿದಳು, ಅವನು ತಿದ್ದಲಿಲ್ಲ.

ಮರುದಿನದಿಂದ ಅಂಗಡಿಗೆ ಬರುವವರ ಬಾಯಲ್ಲಿ ಹೊಸ ಮಾತು. ಮೊದಲೆಲ್ಲ "ಬೆಲ್ಟ್ ಬಂತಾ?" ಎನ್ನುತ್ತಿದ್ದವರು ಈಗ "ಮಾರ್ಲಿಸ್ ಹೇಗಿದಾಳೆ?" ಎನ್ನತೊಡಗಿದರು. ಬೆಲ್ಟಿನ ಮಾತು ಅದಾದ ಮೇಲೆ. ಮುಂದಿನ ಬುಧವಾರಗಳಲ್ಲಿ ಅವನ ಸರದಿ ಬರುವುದಕ್ಕೆ ಮೊದಲೇ ಕುರ್ಚಿಗಳು ಅವನ ಕಡೆ ತಿರುಗುತ್ತಿದ್ದವು. ಅವನು ಬರೆದಷ್ಟನ್ನೂ ಹೇಳುತ್ತಿದ್ದ. ಅವರು ಹೇಳಿದಷ್ಟನ್ನೂ ಮನೆಗೆ ಹೋಗಿ ಬರೆಯುತ್ತಿದ್ದ.

ಬ್ಯೂಟಿ ಪಾರ್ಲರಿನ ಟ್ವೈಲಕ್ಕ ಪ್ರೇಮದ ಕಡೆಯ ವಕೀಲಳು. "ಸೌದೆ ತಂದುಹಾಕೋ ಬಡಗಿ ಅಂದ್ಯಲ್ಲ, ರೀಸ್ ಅಂತ? ತಂದು ಅಂಗಳದಲ್ಲಿ ಸುರಿದು ಹೋಗ್ತಾನೋ, ಜೋಡಿಸಿ ಹೋಗ್ತಾನೋ?"

"ಜೋಡಿಸ್ತಾನೆ ಅಕ್ಕ."

"ನೋಡ್ತಿರ್ತಾಳೆ ಅಂತ ಜೋಡಿಸ್ತಾನೋ, ಅವಳಿಲ್ಲದಾಗಲೂ ಜೋಡಿಸ್ತಾನೋ? ಅದನ್ನ ತಿಳ್ಕೊ. ನಮ್ಮನೆಯವರು ಮದುವೆಗೆ ಮುಂಚೆ ಜೋಡಿಸ್ತಿದ್ರು."

ಪೊಲೀಸ್ ಕೆಲಸದಿಂದ ನಿವೃತ್ತನಾದ ವರ್ಡನ್ ಮಾವ ರಹಸ್ಯವನ್ನು ವಹಿಸಿಕೊಂಡ. "ಹಿಂದೆ ಬೀಳೋನು ಪೊದೇಲಿ ಅಡಗಿರಲ್ಲ ಕಣೋ. ಅಂಗಡೀಲಿ ಅವಳ ಪಕ್ಕದಲ್ಲೇ ನಿಂತು ಹಾಲಿನ ರೇಟು ಕೇಳ್ತಿರ್ತಾನೆ. ಟ್ರಕ್ಕಿನ ನಂಬರು ಹೇಳು."

ಟೋಬಿನ್ ಬಾಯಿಗೆ ಬಂದ ನಂಬರು ಹೇಳಿದ. ವರ್ಡನ್ ಮಾವ ಅಂಗೈ ಮೇಲೆ ಬರೆದುಕೊಂಡ.

ಓಲೀಟಮ್ಮ ಮಾತ್ರ ಕಡಿಮೆ ಕೇಳುತ್ತಿದ್ದಳು. ಒಮ್ಮೆ, ಮಾರ್ಲಿಸ್ ಕತ್ತಲ ಕೋಣೆಯಲ್ಲಿ ಮೊಣಕಾಲೂರಿ ಉದ್ದನೆಯ ಪ್ರಾರ್ಥನೆ ಮಾಡಿದಳೆಂದು ಟೋಬಿನ್ ಹೇಳಿದಾಗ ತಲೆ ಅಡ್ಡಡ್ಡ ಆಡಿಸಿದಳು. "ಅಷ್ಟುದ್ದ ಬರಲ್ಲಪ್ಪ ಅಂಥವಳಿಗೆ. ದೇವರ ಹತ್ತಿರ ಮಾತು ಬಿಟ್ಟವಳು ಮೊದಲು ಜಗಳ ಆಡ್ತಾಳೆ. ಜಗಳ ಆಡಿದಳು ಅಂದ್ರೆ ಎದುರಿಗೆ ಯಾರೋ ಇದ್ದಾರೆ ಅಂತ ನಂಬಿದ ಹಾಗೇ ಅಲ್ವಾ?" ಟೋಬಿನ್ ಮನೆಗೆ ಹೋಗಿ ಆ ಅಧ್ಯಾಯವನ್ನು ಹರಿದುಹಾಕಿದ. ಹೊಸದಾಗಿ ಬರೆದಾಗ, ಸೌದೆ ತಂದ ರೀಸನ ಮುಖಕ್ಕೆ ಬಾಗಿಲು ಹಾಕಿಬಂದ ಮಾರ್ಲಿಸ್ ಅದೇ ಸಿಟ್ಟಿನಲ್ಲಿ ದೇವರಿಗೂ ಬೈದಳು. ಸಂಪಾದಕಿ ಹೇಳಿದ್ದು ಅವತ್ತು ಅರ್ಥವಾಯಿತು. ಮೂರು ಕಲ್ಲೂ ಒಂದೇ ಎತ್ತರಕ್ಕೆ ಬಂದಿದ್ದವು, ಪಾತ್ರೆ ಕುದಿಯುತ್ತಿತ್ತು. ಸೌದೆ ಮಾತ್ರ ಕದ್ದದ್ದು.

ಕಷ್ಟದಲ್ಲಿರುವ ಮನೆಗೆ ಅಡುಗೆ ಕಳಿಸುವುದು ಆ ಊರಿನ ವಾಡಿಕೆ. ಮಾರ್ಲಿಸಳ ವಿಳಾಸ ಯಾರಿಗೂ ಹೇಳುವಂತಿರಲಿಲ್ಲವಾದ್ದರಿಂದ ಅಡುಗೆಯೆಲ್ಲ ಟೋಬಿನ್ನನ ಕೈಸೇರುತ್ತಿತ್ತು: ಚೀಸು ಸುರಿದು ಬೇಯಿಸಿದ ಕೋಳಿ, ಆಲೂಗಡ್ಡೆ, ಪೀಚ್ ಹಣ್ಣಿನ ಸಿಹಿ, ಎಲ್ಲವೂ ಇಬ್ಬರಿಗಾಗುವಷ್ಟು. ಅವನು ಮನೆಗೆ ತಂದು ಒಬ್ಬನೇ ತಿನ್ನುತ್ತಿದ್ದ. ರುಚಿಯಾಗಿರುತ್ತಿತ್ತು, ತೊಂದರೆ ಅದೇ. ಇನ್ನೊಬ್ಬಳ ಪಾಲನ್ನು ಮುಗಿಸಿ ಪಾತ್ರೆ ತೊಳೆಯುವಾಗ, ಈ ಪ್ರೀತಿಯೆಲ್ಲ ಅವಳಿಗೆ ಬಂದದ್ದು, ತಾನು ಬರೀ ಹೊತ್ತು ತಂದವನು ಎಂದು ಅನ್ನಿಸುತ್ತಿತ್ತು. ನಿಜ ಹೇಳಿದ ದಿನ ಅವಳ ಜೊತೆ ತಾನೂ ಇಲ್ಲವಾಗುತ್ತೇನೆ ಎಂಬುದು ಚೆನ್ನಾಗಿ ಗೊತ್ತಿತ್ತು. ಬುಧವಾರದ ಆ ಕುರ್ಚಿ ಹೋದರೆ ಅವನಿಗೆ ವಾರದಲ್ಲಿ ಕೂರಲು ಬೇರೆ ಜಾಗವಿರಲಿಲ್ಲ. ಮುಂದಿನ ವಾರ ಹೇಳುತ್ತೇನೆ ಎಂದುಕೊಳ್ಳುತ್ತಿದ್ದ. ಮುಂದಿನ ವಾರ ಪೀಚ್ ಹಣ್ಣಿನ ಸಿಹಿ ಬರುತ್ತಿತ್ತು.

ಒಂದು ದಿನ ಓಲೀಟಮ್ಮ ಅಂಗಡಿಗೇ ಬಂದಳು. "ಶನಿವಾರ ಮನೆಗೆ ಬಾ, ಏನೋ ತೋರಿಸ್ಬೇಕು," ಎಂದಳು. ಮುಖ ಬೆಳಗುತ್ತಿತ್ತು.

ಹೋದ. ಅವಳು ಅವನನ್ನು ಒಳಗಿನ ಕೋಣೆಗೆ ಕರೆದೊಯ್ದು ಬಾಗಿಲು ತೆರೆದಳು. ಹೊಸದಾಗಿ ಸುಣ್ಣಬಣ್ಣ ಕಂಡ ಗೋಡೆ, ತೊಳೆದ ಪರದೆ, ಹಾಸಿಗೆಯ ಮೇಲೆ ಕೈಯಲ್ಲಿ ಹೊಲಿದ ಕೌದಿ. ಕೌದಿಯ ಅಂಚನ್ನು ಒಂದು ಕಡೆ ಮಡಚಿ, ಯಾರಾದರೂ ಬಂದು ಕಾಲುಚಾಚಿದರೆ ಸಾಕು ಎಂಬಂತೆ ಇಟ್ಟಿದ್ದಳು.

"ನನ್ನ ಮಗಳ ಕೋಣೆ," ಎಂದಳು. "ಅವಳು ಹೋದ ಮೇಲೆ ತೆಗೆದೇ ಇರ್ಲಿಲ್ಲ. ಮಾರ್ಲಿಸ್ ಇಲ್ಲಿರ್ಲಿ. ವರ್ಡನ್ ಗಾಡಿ ತರ್ತಾನೆ, ನಾನೂ ಬರ್ತೀನಿ, ನೀನು ದಾರಿ ತೋರಿಸು. ನಾಳೆ ಆರಾಧನೆ ಮುಗಿಸ್ಕೊಂಡು ಹೊರಟುಬಿಡೋಣ. ಒಂದು ಹೆಣ್ಣುಮಗು ಆ ಥರ ಒಬ್ಬಳೇ ಇರಬಾರದು."

"ಓಲೀಟಮ್ಮ," ಎಂದ ಟೋಬಿನ್. "ಅವಳು ಇಲ್ಲ."

ಓಲೀಟಮ್ಮ ಹಾಸಿಗೆಯ ಅಂಚಿನಲ್ಲಿ ಕುಸಿದು ಕೂತಳು. "ಹೋಗಿಬಿಟ್ಟಳಾ? ಯಾವಾಗ? ಆ ಟ್ರಕ್ಕಿನವನಾ?"

ಎಷ್ಟೋ ಕಾದಂಬರಿ ಓದಿದ್ದ ಟೋಬಿನ್ನನಿಗೆ ಎದುರಿಗೆ ಬಿದ್ದಿದ್ದ ದಾರಿ ಸ್ಪಷ್ಟವಾಗಿ ಕಂಡಿತು. ಒಂದು 'ಹೌದು' ಸಾಕು. ಮಾರ್ಲಿಸ್ ಸಾಯುತ್ತಾಳೆ, ಸುಳ್ಳೂ ಅವಳ ಜೊತೆ ಮಣ್ಣಾಗುತ್ತದೆ. ಸಭೆಯೆಲ್ಲ ಅವನ ಹೆಗಲ ಮೇಲೆ ಕೈಯಿಡುತ್ತದೆ. ತಿಂಗಳುಗಟ್ಟಲೆ ಅಡುಗೆ ಬರುತ್ತದೆ. ಓಲೀಟಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಅವಳ ಕೈ ಆಗಲೇ ಅವನ ಕೈಗಾಗಿ ಚಾಚಿತ್ತು.

"ಸಾಯೋಕೆ ಅವಳು ಇರ್ಲೇ ಇಲ್ಲ," ಎಂದ. "ನಾನೊಂದು ಕಥೆ ಬರೀತಿದೀನಿ. ಅದರಲ್ಲಿರೋಳು ಅವಳು. ಅವತ್ತು ಹೇಳೋಕೆ ಹೊರಟೆ, ನೀವು ಪ್ರಾರ್ಥನೆ ಶುರುಮಾಡಿದ್ರಿ. ಆಮೇಲೆ… ಆಮೇಲೆ ಹೇಳ್ಲಿಲ್ಲ."

ಚಾಚಿದ ಕೈಯನ್ನು ಓಲೀಟಮ್ಮ ಹಿಂದಕ್ಕೆಳೆದು ಕೌದಿಯ ಮೇಲಿಟ್ಟಳು. ಇಲ್ಲದ ಸುಕ್ಕುಗಳನ್ನು ಸರಿಪಡಿಸತೊಡಗಿದಳು.

"ನಾನು ಉಪವಾಸ ಮಾಡಿದೆ ಅವಳಿಗೋಸ್ಕರ."

"ಗೊತ್ತಮ್ಮ."

"ಗೊತ್ತಿದ್ದೂ ಅವತ್ತೇ ನಾನು ಕೊಟ್ಟ ಕೋಳಿ ತಿಂದೆ."

"ತಿಂದೆ."

"ಚೆನ್ನಾಗಿತ್ತಾ?" ಎಂದಳು. ಅವಳು ಹಾಗೆ ಕೇಳಿದ್ದಕ್ಕಿಂತ ಒಂದು ಏಟು ಹಾಕಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಆಮೇಲೆ ಗೋಡೆಯ ಕಡೆ ನೋಡುತ್ತ ಹೇಳಿದಳು: "ರೋವೆನಾ ಅಂತ ನನ್ನ ಮಗಳು. ಅವಳು ಮೆಚ್ಚಿದೋನನ್ನ ನಾನು ಮನೆಯೊಳಗೆ ಬಿಡ್ಲಿಲ್ಲ. ಇಬ್ಬರೂ ಹೋದ್ರು. ಎಲ್ಲಿದಾಳೋ ಗೊತ್ತಿಲ್ಲ. ಅವಳಿಗೋಸ್ಕರ ಅಂತ ಕಣ್ಣು ಮುಚ್ಚಿದ್ರೆ ನಂಗೆ ಆ ಜಗಳವೇ ಬರುತ್ತೆ ಟೋಬಿನ್, ಪ್ರಾರ್ಥನೆ ಬರಲ್ಲ. ಮಾರ್ಲಿಸ್‌ಗೆ ಅಂದ್ರೆ ಬರ್ತಿತ್ತು. ಹಾಗೇ ಮೆಲ್ಲಗೆ ಅವಳ ಹಿಂದೆ ನಮ್ಮವಳನ್ನೂ ನಿಲ್ಲಿಸ್ತಿದ್ದೆ. ಈಗ ಮುಂದೆ ನಿಂತಿದ್ದೋಳೇ ಇಲ್ಲ ಅಂತೀಯ."

ಟೋಬಿನ್ ಕ್ಷಮಿಸಿ ಎಂದ. ಆ ಮಾತು ಆ ಕೋಣೆಯಲ್ಲಿ, ದೊಡ್ಡ ಟ್ರ್ಯಾಕ್ಟರಿಗೆ ಸಣ್ಣ ಬೋಲ್ಟು ತಂದಿಟ್ಟ ಹಾಗೆ, ಯಾವುದಕ್ಕೂ ಹೊಂದಲಿಲ್ಲ.

"ಬುಧವಾರ ಎಲ್ಲರ ಮುಂದೆ ನೀನೇ ಹೇಳು," ಎಂದಳು ಓಲೀಟಮ್ಮ. "ನನ್ನ ಬಾಯಿಂದ ಹೊರಡಲ್ಲ."

"ಹೇಳ್ತೀನಿ. ಆಮೇಲೆ ಬರೋದು ಬಿಟ್ಟುಬಿಡ್ತೀನಿ."

"ಬಿಟ್ಟುಹೋಗೋದು ಸುಲಭ ಅಲ್ವಾ? ಎಲ್ಲರೂ ಅದನ್ನೇ ಮಾಡೋದು." ಮೊದಲ ಸಲ ಅವಳ ದನಿ ಏರಿತು. "ಬಾ ನೀನು. ಆದ್ರೆ ಸದ್ಯಕ್ಕೆ ನನ್ನ ಪಕ್ಕ ಕೂತ್ಕೋಬೇಡ."

ಬುಧವಾರ ಹೇಳಿದ. ಕಾದಂಬರಿಕಾರನಾಗಿ ಅದನ್ನು ಇನ್ನೂ ಚೆನ್ನಾಗಿ ಹೇಳಬಹುದಾಗಿತ್ತು. ಅವನು ಬೆಲ್ಟು ಸ್ಟಾಕಿಲ್ಲ ಎಂದು ಹೇಳುವವನ ದನಿಯಲ್ಲಿ ಹೇಳಿ ಕೂತ. ಮೊದಲು ಸಿಡಿದವಳು ಟ್ವೈಲಕ್ಕ.

"ಕಾಫಿ ಬಿಟ್ಟಿದ್ದೆ ಕಣೋ ನಾನು ಅವಳಿಗೋಸ್ಕರ! ನಮ್ಮನೆಯವರನ್ನ ಕೇಳು, ಆ ದಿನಗಳು ಮನೇಲಿ ಹೇಗಿದ್ವು ಅಂತ! ನನ್ನ ಸಂಸಾರದ ಗುಟ್ಟೆಲ್ಲ ಹೇಳ್ಕೊಂಡೆನಲ್ಲ ಆ ಬಡಗಿಗೆ ಬುದ್ಧಿ ಬರ್ಲಿ ಅಂತ!"

"ಆ ನಂಬರಿನ ಟ್ರಕ್ಕೇ ಇಲ್ಲ," ಎಂದ ವರ್ಡನ್ ಮಾವ ನೆಲ ನೋಡುತ್ತ. "ವಿಚಾರಿಸಿದ್ದೆ. ನಂಗೆ ಬಹಳ ಹಿಂದೇನೇ ಗೊತ್ತಾಗಿತ್ತು."

"ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ರಾ?" ಎಂದಳು ಟ್ವೈಲಕ್ಕ.

"ಮುಂದೇನಾಯ್ತು ಅಂತ ಕೇಳ್ಬೇಕಿತ್ತು," ಎಂದ. ಒಬ್ಬರು ನಗಲು ಹೊರಟು, ಓಲೀಟಮ್ಮನ ಮುಖ ನೋಡಿ, ಕೆಮ್ಮಿದರು.

ಪಾಸ್ಟರು ಪ್ರಾರ್ಥನೆ ಮಾಡೋಣ ಎಂದರು. ಕೈಗಳು ಕೈಗಳನ್ನು ಹುಡುಕಿಕೊಂಡವು. ಓಲೀಟಮ್ಮ ತನಗೂ ಟೋಬಿನ್ನನಿಗೂ ನಡುವಿನ ಕುರ್ಚಿಯ ಮೇಲೆ ತನ್ನ ಕೈಚೀಲ ಇಟ್ಟಿದ್ದಳು. ಅವನ ಇನ್ನೊಂದು ಪಕ್ಕದಲ್ಲಿದ್ದ ಟ್ವೈಲಕ್ಕ ಎರಡೂ ಕೈಗಳನ್ನು ಎದೆಗೆ ಕಟ್ಟಿಕೊಂಡಿದ್ದಳು. ದುಂಡನೆಯ ಸಾಲು ಅವನ ಬಳಿ ಬಂದು ಕಡಿದುಹೋಗಿತ್ತು. ಅವನು ತನ್ನ ಕೈಗಳನ್ನು ಮಂಡಿಯ ಮೇಲೆ ಇಟ್ಟುಕೊಂಡ. ಒಂದು ಕೈಯನ್ನು ಇನ್ನೊಂದರಿಂದ ಹಿಡಿದುಕೊಳ್ಳಬಹುದೆಂದು ಹೊಳೆಯಿತು, ನಗೆಪಾಟಲಾಗುತ್ತದೆಂದು ಬಿಟ್ಟ.

ಕೋರಿಕೆಗಳು ಸುತ್ತು ಬಂದವು. ಮಂಡಿ ನೋವು. ಮೊಮ್ಮಗನ ಪರೀಕ್ಷೆ. ಓಲೀಟಮ್ಮನ ಸರದಿ ಬಂದಾಗ ಅವಳು ಕೈಯೆತ್ತುತ್ತಾಳೆಂದು ಎಲ್ಲರೂ ಕಾದರು. ಅವಳು ಎತ್ತಲಿಲ್ಲ.

"ನನ್ನ ಮಗಳು," ಎಂದಳು. "ರೋವೆನಾ." ಮುಂದಕ್ಕೆ ಹೋಗಲು ಆಗಲಿಲ್ಲ.

ಆ ಹೆಸರನ್ನು ಆ ಕೋಣೆ ಕೇಳಿ ಎಷ್ಟು ವರ್ಷವಾಗಿತ್ತೋ. ಟ್ವೈಲಕ್ಕ ಎದ್ದು ಹೋಗಿ, ಅವಳ ಬೆನ್ನಿಗೆ ಕೈಯಿಟ್ಟು, ಉಳಿದದ್ದನ್ನು ತಾನೇ ಪ್ರಾರ್ಥಿಸಿದಳು. ಆಮೆನ್ ಬಂತು. ಟೋಬಿನ್ನನೂ ಆಮೆನ್ ಎಂದ, ಈ ಸಲ ದನಿ ಹೊರಗೆ ಬಂತು. ಅದನ್ನು ಯಾರೂ ಗಮನಿಸಲಿಲ್ಲ. ಅವನ ಸರದಿಯನ್ನು ದಾಟಿಕೊಂಡು ಕೋರಿಕೆಗಳು ಮುಂದಕ್ಕೆ ಹೋದವು.

ಆ ವಾರ ಅಂಗಡಿಗೆ ಬಂದವರು ಬೆಲ್ಟು ಕೇಳಿದರು, ಬೆಲ್ಟು ತೆಗೆದುಕೊಂಡು ಹೋದರು. ಮನೆಯಲ್ಲಿ ಹಾಳೆಗಳನ್ನು ಮುಂದಿಟ್ಟುಕೊಂಡು ಕೂತರೆ ಮಾರ್ಲಿಸ್ ಒಂದು ಮಾತೂ ಆಡಲಿಲ್ಲ. ಅವಳಿಗೂ ಸಿಟ್ಟು ಬಂದಿರಬೇಕು. ಬ್ರೆಡ್ಡಿಗೆ ಕಡಲೆಕಾಯಿ ಬೆಣ್ಣೆ ಸವರಿಕೊಂಡು ತಿಂದ. ಒಬ್ಬನಿಗೆ ಆಗುವಷ್ಟೇ.

ಮತ್ತೆ ಬುಧವಾರ ಬಂದಾಗ ನೆಲಮಾಳಿಗೆಯ ಬಾಗಿಲ ಬಳಿ ಅವನು ಹಿಂದೆಮುಂದೆ ನೋಡುತ್ತ ನಿಂತ. ಒಳಗೆ ಕುರ್ಚಿ ಬಿಡಿಸುವ ಸದ್ದು ಕೇಳುತ್ತಿತ್ತು. ತನ್ನ ಪಾಲಿನದನ್ನು ಬಿಡಿಸಿರುತ್ತಾರೋ ಇಲ್ಲವೋ ಎಂದು ಯೋಚಿಸಿ, ಬಿಡಿಸಿರದಿದ್ದರೆ ತಾನೇ ಬಿಡಿಸಿಕೊಂಡರಾಯಿತು ಎಂದುಕೊಂಡು ಮೆಟ್ಟಿಲಿಳಿದ. ಓಲೀಟಮ್ಮ ಆಗಲೇ ಬಂದು ಕೂತಿದ್ದಳು. ಅವನನ್ನು ನೋಡಿದಳು. ಪಕ್ಕದ ಕುರ್ಚಿಯ ಮೇಲೆ ಕೈಚೀಲ ಇತ್ತು.

ಅವನು ಕೈಚೀಲದ ಪಕ್ಕದಲ್ಲಿ ಕೂತ.